ಮೂತ್ರ ಕೊಟ್ಟರೆ ಕ್ಯಾನ್ಸರ್ ಗೊತ್ತಾಗುತ್ತಾ?

ಈ ಸಲ ಬಂದ ಪತ್ರಗಳಲ್ಲಿ, ಇಮೇಲ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಮೂತ್ರ ಕೊಟ್ಟರೆ ಸಾಕು, ಮೂತ್ರಕೋಶದ ಕ್ಯಾನ್ಸರನ್ನು ಮೊದಲೇ ಹಿಡಿಯುವ ಜೀನ್ ಟೆಸ್ಟ್ ಬಂದಿದೆಯಂತೆ, ಹೌದಾ? ಮೊಬೈಲ್‌ನಲ್ಲಿ ಎಲ್ಲೋ ಜಾಹೀರಾತು ಓಡಾಡುತ್ತಿರಬೇಕು. ನಾನು ಪೆಥಾಲಜಿಸ್ಟ್. ರೋಗಿಗಳ ಮುಖ ನೋಡುವುದು ಕಡಿಮೆ, ಮೈಕ್ರೋಸ್ಕೋಪಿನಲ್ಲಿ ಅವರ ಜೀವಕೋಶ ನೋಡುವುದು ಜಾಸ್ತಿ. ಮೂತ್ರದ ಸ್ಲೈಡ್ ನೋಡುತ್ತಲೇ ಕೂದಲು ಬೆಳ್ಳಗಾಗಿದೆ. ಹಾಗಾಗಿ ಈ ಸಂಚಿಕೆ ಪೂರ್ತಿ ಇದಕ್ಕೇ. ಇಲ್ಲಿ ಮೂತ್ರಕೋಶ ಅಂದರೆ ಬ್ಲಾಡರ್, ಕಿಬ್ಬೊಟ್ಟೆಯಲ್ಲಿ ಮೂತ್ರ ತುಂಬಿಕೊಳ್ಳುವ ಚೀಲ. ಕಿಡ್ನಿಗೂ ಕೆಲವರು ಅದೇ ಹೆಸರು ಹೇಳುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಪ್ರಶ್ನೆ: ಮೇಡಂ, ನಮ್ಮಪ್ಪನಿಗೆ 64 ವರ್ಷ. ಲಾರಿ ಓಡಿಸುತ್ತಿದ್ದವರು. ಬೀಡಿ ಬಿಟ್ಟು ನಾಲ್ಕು ವರ್ಷ ಆಯಿತು. ಹೋದ ತಿಂಗಳು ಒಂದು ದಿನ ಮೂತ್ರ ಪೂರ್ತಿ ಕೆಂಪಗೆ ಹೋಯಿತು. ನೋವಿಲ್ಲ, ಉರಿಯಿಲ್ಲ. ಮಾರನೇ ದಿನ ತಾನಾಗೇ ಸರಿಹೋಯಿತು. ಸ್ಕ್ಯಾನಿಂಗ್‌ನಲ್ಲೂ ಏನೂ ಇಲ್ಲ. ಆದರೂ ಯುರಾಲಜಿಸ್ಟ್ ಸಿಸ್ಟೊಸ್ಕೋಪಿ, ಅಂದರೆ ಕೊಳವೆ ಹಾಕಿ ಮೂತ್ರಕೋಶದ ಒಳಗೆ ನೋಡುವ ಪರೀಕ್ಷೆ, ಮಾಡಲೇಬೇಕು ಅನ್ನುತ್ತಾರೆ. ಅಪ್ಪ 'ಆ ಜಾಗದಲ್ಲಿ ಪೈಪ್ ಹಾಕಿಸ್ಕೊಳ್ಳಲ್ಲ' ಅಂತ ಹಟ ಹಿಡಿದು ಕೂತಿದ್ದಾರೆ. ಅದರ ಬದಲು ಈ ಮೂತ್ರದ ಟೆಸ್ಟ್ ಮಾಡಿಸಿದರೆ ಆಗಲ್ವಾ?
(ದಾವಣಗೆರೆಯ ಓದುಗರು)

ಉತ್ತರ: ಆಗಲ್ಲ. ಆ ಡಾಕ್ಟರ್ ಹೇಳಿದ್ದು ಸರಿ.

ಕಣ್ಣಿಗೆ ಕಾಣುವಷ್ಟು ರಕ್ತ, ಅದೂ ನೋವಿಲ್ಲದೆ, ಅದೂ ವರ್ಷಗಟ್ಟಲೆ ಬೀಡಿ ಸೇದಿದ ಅರವತ್ತು ದಾಟಿದ ಗಂಡಸಿಗೆ. ಮೂತ್ರಕೋಶದ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ತೋರಿಸಿಕೊಳ್ಳುವುದೇ ಹೀಗೆ. ತಾನಾಗೇ ನಿಂತಿತಲ್ಲ ಅನ್ನುವುದೇ ಇಲ್ಲಿ ಮೋಸ. ಒಳಗಿನ ಗಡ್ಡೆ ದಿನಾ ರಕ್ತ ಸುರಿಸುವುದಿಲ್ಲ. ಇವತ್ತು ಸ್ವಲ್ಪ, ಆಮೇಲೆ ಎರಡು ಮೂರು ತಿಂಗಳು ಏನೂ ಇಲ್ಲ, ಅಷ್ಟರಲ್ಲಿ ಎಳನೀರು, ಬಾರ್ಲಿ ನೀರು, ಮನೆದೇವರ ಹರಕೆ ಎಲ್ಲಕ್ಕೂ ಹೆಸರು ಬಂದಿರುತ್ತದೆ. ನನ್ನ ಸ್ವಂತ ಸೋದರಮಾವ ಹೀಗೇ ಎಂಟು ತಿಂಗಳು ಕಳೆದರು. ಮನೆಯಲ್ಲೇ ಡಾಕ್ಟರ್ ಇದ್ದಾಳೆ ಅಂತ ನೆನಪಾಗಿದ್ದು ಮೂರನೇ ಸಲ ಕೆಂಪು ಕಂಡಾಗ. 'ಹೆಣ್ಣುಮಗಳ ಹತ್ತಿರ ಇದನ್ನೆಲ್ಲ ಹೇಗಮ್ಮ ಹೇಳೋದು' ಅಂದರು. ಏನು ಹೇಳಲಿ ಅವರಿಗೆ?

ಕೆಂಪು ಮೂತ್ರ ಕಂಡು ತಪಾಸಣೆಗೆ ಬಂದವರಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಜನರಿಗೆ ಕ್ಯಾನ್ಸರ್ ಸಿಗುತ್ತದೆ. ಉಳಿದವರಿಗೆ ಕಲ್ಲು, ಸೋಂಕು, ಪ್ರಾಸ್ಟೇಟ್ ಊತ, ಹೀಗೆ. ಈಗ ಸುಮ್ನೆ ಒಂದು ಲೆಕ್ಕ ಹಾಕೋಣ. ನಿಮ್ಮಪ್ಪನ ಹಾಗಿನ 100 ಜನ ಇದ್ದಾರೆ, ಅವರಲ್ಲಿ 15 ಜನರಿಗೆ ಕ್ಯಾನ್ಸರ್ ಇದೆ ಅಂತ ಇಟ್ಟುಕೊಳ್ಳಿ. ಎಲ್ಲರ ಮೂತ್ರವನ್ನೂ ಟೆಸ್ಟ್‌ಗೆ ಕಳಿಸಿದಿರಿ. ಒಳ್ಳೆಯ ಟೆಸ್ಟೇ, 12 ಜನರನ್ನು ಹಿಡಿಯಿತು. ಆ 12 ಜನಕ್ಕೂ ಸಿಸ್ಟೊಸ್ಕೋಪಿ ಆಗಲೇಬೇಕು, ಯಾಕೆಂದರೆ ಗಡ್ಡೆ ಎಲ್ಲಿದೆ, ಎಷ್ಟಿದೆ, ಬೇರು ಎಷ್ಟು ಆಳ ಅಂತ ಮೂತ್ರ ಹೇಳುವುದಿಲ್ಲ. ತಪ್ಪಿಹೋದ 3 ಜನ? ಅವರು 'ನೆಗೆಟಿವ್' ಅನ್ನುವ ಕಾಗದ ಜೇಬಿನಲ್ಲಿಟ್ಟುಕೊಂಡು ಖುಷಿಯಾಗಿ ಮನೆಗೆ ಹೋಗುತ್ತಾರೆ. ಇಂಥ ಕಡೆ ಪಾಸಿಟಿವ್ ಬಂದರೂ ಸಿಸ್ಟೊಸ್ಕೋಪಿ, ನೆಗೆಟಿವ್ ಬಂದರೂ ಸಿಸ್ಟೊಸ್ಕೋಪಿ. ಹಾಗಿದ್ದ ಮೇಲೆ ಟೆಸ್ಟಿನ ದುಡ್ಡು ಯಾಕೆ ದಂಡ?

ಸ್ಕ್ಯಾನಿಂಗ್ ಚೆನ್ನಾಗಿದೆ ಅನ್ನುವುದರ ಮೇಲೂ ಪೂರ್ತಿ ಭರವಸೆ ಬೇಡ. ಚಿಕ್ಕ ಗಡ್ಡೆ, ಮತ್ತೆ ಗೋಡೆಗೆ ಪಾಚಿ ಹಿಡಿದ ಹಾಗೆ ಚಪ್ಪಟೆಯಾಗಿ ಹರಡುವ ಒಂದು ಜಾತಿ ಇದೆ, ಅವು ಅಲ್ಟ್ರಾಸೌಂಡ್‌ಗೆ ಸಿಗದೇ ಹೋಗಬಹುದು.

ಅಪ್ಪನಿಗೆ ಹೀಗೆ ಹೇಳಿ ನೋಡಿ. ಈಗಿನ ಸಿಸ್ಟೊಸ್ಕೋಪ್ ಬಗ್ಗುವ ಸಣ್ಣ ಕೊಳವೆ. ಮರಗಟ್ಟಿಸುವ ಜೆಲ್ಲಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಒಳಗೆ ಕಳಿಸುತ್ತಾರೆ. ನೋಡುವ ಕೆಲಸ ಐದು ಹತ್ತು ನಿಮಿಷ. ಆಮೇಲೆ ಒಂದೆರಡು ದಿನ ಒಂದಕ್ಕೆ ಹೋದಾಗ ಉರಿ, ಸ್ವಲ್ಪ ಗುಲಾಬಿ ಬಣ್ಣ, ಅಷ್ಟೇ. ಮುಜುಗರ ಆಗುತ್ತದೆ, ನಿಜ. ಗಂಡಸರಿಗೆ ನೋವಿಗಿಂತ ಅದೇ ದೊಡ್ಡ ತಡೆ ಅಂತ ನನ್ನ ಯುರಾಲಜಿಸ್ಟ್ ಗೆಳೆಯರೂ ಹೇಳುತ್ತಾರೆ. ಈ ಪರೀಕ್ಷೆ ಮಾಡಿಸಿಕೊಂಡ ಯಾರಾದರೂ ಅಪ್ಪನ ವಾರಿಗೆಯವರು ಸಿಕ್ಕರೆ ಇಬ್ಬರನ್ನೂ ಕೂರಿಸಿ ಕಾಫಿ ಕೊಟ್ಟು ನೀವು ಎದ್ದು ಹೋಗಿ. ನಿಮ್ಮ ಹತ್ತು ಮಾತಿಗಿಂತ ಅವರ ಒಂದು ಮಾತು ಕೆಲಸ ಮಾಡುತ್ತದೆ.

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವಳು. ಮೂತ್ರದಲ್ಲಿ ಕ್ಯಾನ್ಸರಿನ 'ಅಣು ಗುರುತು' ಸಿಗುತ್ತದೆ ಅಂತ ಓದಿದೆ. ಅದು ಅಲ್ಲಿಗೆ ಹೇಗೆ ಬರುತ್ತದೆ, ಟೆಸ್ಟ್ ನಿಜವಾಗಿ ಏನನ್ನು ನೋಡುತ್ತದೆ? ಮಕ್ಕಳಿಗೆ ಹೇಳಬೇಕು, ಸ್ವಲ್ಪ ಬಿಡಿಸಿ ಹೇಳಿ.
(ಧಾರವಾಡದ ಓದುಗರು)

ಉತ್ತರ: ನನಗೆ ಬೇಕಾಗಿದ್ದ ಪ್ರಶ್ನೆ! ಉದ್ದವಾದರೆ ಬೈಯಬೇಡಿ.

ಮೂತ್ರಕೋಶದ ಒಳಗೋಡೆಗೆ ಯೂರೋಥೀಲಿಯಮ್ ಅಂತ ಒಂದು ಪದರ ಇದೆ. ಇಲ್ಲಿನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 90ರಷ್ಟು ಹುಟ್ಟುವುದು ಆ ಪದರದಲ್ಲೇ. ಹಳೇ ಗೋಡೆಯ ಸುಣ್ಣ ಉದುರುವ ಹಾಗೆ ಆ ಪದರದಿಂದ ಜೀವಕೋಶಗಳು ಉದುರುತ್ತಲೇ ಇರುತ್ತವೆ. ಗಡ್ಡೆ ಇದ್ದರೆ ಅದರ ಕೋಶಗಳೂ ಉದುರುತ್ತವೆ, ಒಡೆಯುತ್ತವೆ, ಒಳಗಿದ್ದ ಡಿಎನ್‌ಎ, ಆರ್‌ಎನ್‌ಎ, ಪ್ರೊಟೀನ್ ಎಲ್ಲ ಮೂತ್ರಕ್ಕೆ ಸೇರುತ್ತವೆ. ಮೂತ್ರ ಗಂಟೆಗಟ್ಟಲೆ ಆ ಗಡ್ಡೆಯನ್ನು ನೆನೆಸಿಕೊಂಡೇ ಕೂತಿರುತ್ತದೆ ಅಲ್ವಾ? ರಕ್ತದಲ್ಲಿ ಕ್ಯಾನ್ಸರ್ ಹುಡುಕುವವರು ಐದು ಲೀಟರಿನಲ್ಲಿ ಕರಗಿಹೋದ ಚೂರು ಹುಡುಕಬೇಕು. ನಮಗೆ ಅದು ಒಂದು ಡಬ್ಬಿಯಲ್ಲಿ, ಸೂಜಿ ಚುಚ್ಚದೆ ಸಿಗುತ್ತದೆ.

ಹಾಗೆ ಉದುರಿದ ಕೋಶವನ್ನು ಬಣ್ಣ ಹಾಕಿ ಕಣ್ಣಿಂದ ನೋಡುವುದು ಹಳೆಯ ದಾರಿ, ಅದಕ್ಕೆ ಸೈಟಾಲಜಿ ಅನ್ನುತ್ತೇವೆ. ಅಮೆರಿಕದಲ್ಲಿ ಪಾಪನಿಕೊಲಾವ್ ಮತ್ತು ಮಾರ್ಷಲ್ 1945ರಲ್ಲಿ ಇದರ ಬಗ್ಗೆ ಬರೆದರು. ಹೌದು, ಗರ್ಭಕಂಠದ ಪ್ಯಾಪ್ ಟೆಸ್ಟಿನ ಅದೇ ಪಾಪನಿಕೊಲಾವ್. ನನ್ನ ಅನ್ನ ಇದರಿಂದಲೇ. ಕೆಟ್ಟ ಜಾತಿಯ, ಅಂದರೆ ಹೈ ಗ್ರೇಡ್ ಕೋಶ ಬಂದರೆ ಗುರುತು ಸಿಕ್ಕಿಬಿಡುತ್ತದೆ. ನ್ಯೂಕ್ಲಿಯಸ್ ದಪ್ಪ, ಕಪ್ಪು, ಅಂಚು ಸೊಟ್ಟ. ಆದರೆ ಲೋ ಗ್ರೇಡ್ ಗಡ್ಡೆಯ ಕೋಶಗಳು ಸಭ್ಯರ ಹಾಗೆ ಇರುತ್ತವೆ, ಪಕ್ಕದ ಒಳ್ಳೆಯ ಕೋಶಕ್ಕೂ ಅದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. 2005ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ 1,331 ಜನರನ್ನು ನೋಡಿದ್ದರು, 79 ಜನರಿಗೆ ಮೂತ್ರಕೋಶದ ಕ್ಯಾನ್ಸರ್ ಇತ್ತು. ಅವರಲ್ಲಿ ಸೈಟಾಲಜಿ ಆಗಿದ್ದ 76 ಜನರ ಪೈಕಿ ಮೈಕ್ರೋಸ್ಕೋಪು ಹಿಡಿದದ್ದು ಬರೀ 12. ನಮ್ಮ ಮಾನ ಹೋದ ಲೆಕ್ಕ ಅದು. ಎನ್ಎಂಪಿ22 ಅನ್ನುವ ಪ್ರೊಟೀನ್ ನೋಡುವ ಪುಟ್ಟ ಟೆಸ್ಟ್ ಅದೇ 79ರಲ್ಲಿ 44 ಹಿಡಿಯಿತು. ಆದರೆ ಕ್ಯಾನ್ಸರ್ ಇಲ್ಲದ ನೂರು ಜನರಲ್ಲಿ ಸುಮಾರು 14 ಜನರಿಗೆ ಅದು ಸುಳ್ಳು ಗಾಬರಿ ಹುಟ್ಟಿಸಿತು, ಸೈಟಾಲಜಿ ಒಬ್ಬರಿಗೂ ಹುಟ್ಟಿಸಿತೋ ಇಲ್ಲವೋ ಅನ್ನುವಷ್ಟು. ಯಾಕೆಂದರೆ ಕೋಶ ಸತ್ತಾಗಲೆಲ್ಲ ಆ ಪ್ರೊಟೀನ್ ಹೊರಗೆ ಬರುತ್ತದೆ. ಕಲ್ಲು ಗೀರಿದರೂ, ಸೋಂಕಾದರೂ ಕೋಶ ಸಾಯುತ್ತದೆ.

ಆಮೇಲೆ ಬಂದದ್ದು ಕ್ರೋಮೋಸೋಮ್ (ಕೋಶದೊಳಗೆ ಡಿಎನ್‌ಎ ಸುತ್ತಿಟ್ಟ ಕಟ್ಟು) ಎಣಿಸುವ ಫಿಶ್ ಅನ್ನುವ ಟೆಸ್ಟ್, ಅಮೆರಿಕದಲ್ಲಿ 2001ರಿಂದ ಒಪ್ಪಿಗೆ ಪಡೆದದ್ದು. ಮೂತ್ರದ ಕೋಶಕ್ಕೆ ಹೊಳೆಯುವ ಬಣ್ಣದ ತುಣುಕು ಅಂಟಿಸುತ್ತಾರೆ. 3, 7, 17ನೇ ಕ್ರೋಮೋಸೋಮಿಗೆ ಒಂದೊಂದು ಬಣ್ಣ, 9ನೆಯದರ ಒಂದು ತುಂಡಿಗೆ ಇನ್ನೊಂದು. ಸರಿಯಾದ ಕೋಶದಲ್ಲಿ ಪ್ರತಿ ಬಣ್ಣದ ಎರಡೆರಡು ಚುಕ್ಕಿ. ಒಂದು ಬಣ್ಣ ನಾಲ್ಕು ಐದು ಚುಕ್ಕಿ ಆಗಿದ್ದರೆ, ಇಲ್ಲಾ 9ನೆಯದರ ಚುಕ್ಕಿ ಮಾಯವಾಗಿದ್ದರೆ ಅನುಮಾನ. ಕತ್ತಲೆ ಕೋಣೆಯಲ್ಲಿ ಕೂತು ಚುಕ್ಕಿ ಎಣಿಸುವುದು ರಂಗೋಲಿ ಕಲಿತವರಿಗೆ ಸುಲಭ ಅಂತ ನಮ್ಮ ಟೆಕ್ನಿಷಿಯನ್ ತಮಾಷೆ ಮಾಡುತ್ತಿದ್ದಳು.

ಆರ್‌ಎನ್‌ಎ, ಅಂದರೆ ಜೀನ್ ಕೆಲಸ ಮಾಡುವಾಗ ಹೊರಬರುವ ಅದರ ನಕಲು, ಅದನ್ನು ನೋಡುವ ಟೆಸ್ಟ್‌ಗಳು ಇನ್ನೊಂದು ಗುಂಪು. ಟಿಬಿಗೆ ಕಫ ಪರೀಕ್ಷೆ ಮಾಡುವ ಸಿಬಿನ್ಯಾಟ್ ಯಂತ್ರ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಇದೆಯಲ್ಲ, ಕೋವಿಡ್ ಕಾಲದಲ್ಲಿ ಎಲ್ಲರೂ ಹೆಸರು ಕೇಳಿದ್ದರು. ಅದೇ ಯಂತ್ರಕ್ಕೆ ಬೇರೆ ಕಾರ್ಟ್ರಿಜ್ ಹಾಕಿ ಮೂತ್ರದಲ್ಲಿ ಐದು ಜೀನ್‌ಗಳ ಆರ್‌ಎನ್‌ಎ ಅಳೆಯುವ ಟೆಸ್ಟನ್ನೂ ಆ ಕಂಪನಿ ತಯಾರಿಸಿದೆ. ನಮ್ಮಲ್ಲಿ ಇರುವ ಯಂತ್ರಗಳು ಹೆಚ್ಚಾಗಿ ಟಿಬಿಗೇ ಮೀಸಲು, ಅದು ಬೇರೆ ಮಾತು.

ಈಗ ಎಲ್ಲರ ಕಣ್ಣು ಡಿಎನ್‌ಎ ಮೇಲೆ. ಟರ್ಟ್ ಅನ್ನುವ ಜೀನ್ ಇದೆ. ಕೋಶ ಎರಡಾದಾಗಲೆಲ್ಲ ಕ್ರೋಮೋಸೋಮಿನ ತುದಿ ಸಾಬೂನಿನ ಬಿಲ್ಲೆಯ ಹಾಗೆ ಸವೆಯುತ್ತದೆ, ಪೂರ್ತಿ ಸವೆದ ಮೇಲೆ ಆ ಕೋಶ ಮುಂದೆ ಒಡೆಯುವುದಿಲ್ಲ. ಸವೆದ ತುದಿಯನ್ನು ಮತ್ತೆ ಕಟ್ಟುವ ಕೆಲಸ ಈ ಟರ್ಟ್‌ನದು. ಬೆಳೆದವರ ದೇಹದ ಹೆಚ್ಚಿನ ಕೋಶಗಳಲ್ಲಿ ಅದರ ಸ್ವಿಚ್ ಆಫ್. ಆ ಸ್ವಿಚ್ಚಿನ ಜಾಗದಲ್ಲಿ ಒಂದೇ ಒಂದು ಅಕ್ಷರ ತಪ್ಪಾದರೆ ಸಾಕು, ಅದು ಆನ್ ಆಗಿ ಕೋಶ ಸಾಯುವುದನ್ನೇ ಮರೆಯುತ್ತದೆ. ಮುನ್ನೂರು ಕೋಟಿ ಅಕ್ಷರಗಳ ಪುಸ್ತಕದಲ್ಲಿ ಒಂದು ಕಾಗುಣಿತ ತಪ್ಪು. ಮಜಾ ಏನೆಂದರೆ ಆ ತಪ್ಪು ಬಹುತೇಕ ಎರಡೇ ಜಾಗದಲ್ಲಿ ಆಗುತ್ತದೆ, ಮತ್ತು ಮೂತ್ರಕೋಶದ ಗಡ್ಡೆಗಳಲ್ಲಿ ನೂರಕ್ಕೆ 60ರಿಂದ 80ರಲ್ಲಿ ಅದು ಇರುತ್ತದೆ, ಸಭ್ಯ ಗಡ್ಡೆಯಾದರೂ ಸರಿ, ಕೆಟ್ಟದ್ದಾದರೂ ಸರಿ. ನನ್ನ ಮೈಕ್ರೋಸ್ಕೋಪ್ ಸೋತ ಕಡೆ ಇದು ಗೆಲ್ಲುವುದು ಅದಕ್ಕೇ. ಜೊತೆಗೆ ಎಫ್‌ಜಿಎಫ್‌ಆರ್3 ಅನ್ನುವ ಇನ್ನೊಂದು ಜೀನಿನ ತಪ್ಪು, ಇದು ಲೋ ಗ್ರೇಡ್‌ನಲ್ಲಿ ಜಾಸ್ತಿ. ಅಕ್ಷರ ಸರಿಯಿದ್ದೂ ಜೀನಿಗೆ ಮೀಥೈಲ್ ಅನ್ನುವ ಬೀಗ ಬಿದ್ದಿರುವುದನ್ನು ಹುಡುಕುವ ಟೆಸ್ಟ್‌ಗಳೂ ಇವೆ.

ನಿಮ್ಮ ಮಕ್ಕಳಿಗೆ ಇರಾನಿನ ಕತೆ ಹೇಳಿ. ಅಲ್ಲಿ ಗೋಲೆಸ್ತಾನ್ ಪ್ರಾಂತ್ಯದಲ್ಲಿ ಸುಮಾರು 50,000 ಜನರ ಮಾದರಿಗಳನ್ನು ತೆಗೆದಿಟ್ಟು ವರ್ಷಗಟ್ಟಲೆ ಅವರ ಆರೋಗ್ಯ ಗಮನಿಸುತ್ತಿದ್ದರು. ಆಮೇಲೆ ಕೆಲವರಿಗೆ ಮೂತ್ರಕೋಶದ ಕ್ಯಾನ್ಸರ್ ಬಂತು. ಆಗ ಸಂಶೋಧಕರು ಅವರ ಹಳೆಯ ಮೂತ್ರವನ್ನು ಹೊರಗೆ ತೆಗೆದು ಟರ್ಟ್ ತಪ್ಪು ಇದೆಯಾ ಅಂತ ನೋಡಿದರು. ಹೆಚ್ಚುಕಡಿಮೆ ಅರ್ಧ ಜನರಲ್ಲಿ ಇತ್ತು. ಕೆಲವರಲ್ಲಂತೂ ರೋಗ ಗೊತ್ತಾಗುವ 10 ವರ್ಷ ಮುಂಚಿನ ಮೂತ್ರದಲ್ಲೇ! ಕ್ಯಾನ್ಸರ್ ಬರದೇ ಇದ್ದ ಹೋಲಿಕೆಯ ಗುಂಪಿನಲ್ಲಿ ಯಾರಲ್ಲೂ ಇರಲಿಲ್ಲ. 2020ರಲ್ಲಿ ಇದು ಪ್ರಕಟವಾದಾಗ ನಾನು ಎರಡು ಸಲ ಓದಿದೆ.

ಮಕ್ಕಳು ಜಾಣರಿದ್ದರೆ ಎರಡು ಪ್ರಶ್ನೆ ಕೇಳುತ್ತಾರೆ. ಉಳಿದ ಅರ್ಧ ಜನರ ಗತಿ ಏನು? ಅದಕ್ಕೇ ಈಗ ಒಂದೇ ಗುರುತಿನ ಬದಲು ಹತ್ತಾರು ಜೀನ್ ಒಟ್ಟಿಗೆ ನೋಡುವ ಟೆಸ್ಟ್‌ಗಳ ಕಡೆ ಹೋಗುತ್ತಿದ್ದಾರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು 2018ರಲ್ಲಿ ಪ್ರಕಟಿಸಿದ ಯೂರೋಸೀಕ್ ಹನ್ನೊಂದು ಜೀನ್ ನೋಡುತ್ತದೆ, ಕ್ರೋಮೋಸೋಮ್ ಎಣಿಕೆಯನ್ನೂ ನೋಡುತ್ತದೆ. ಎರಡನೇ ಪ್ರಶ್ನೆ ಇನ್ನೂ ಕಷ್ಟ. ಇವತ್ತು ತಪ್ಪು ಅಕ್ಷರ ಸಿಕ್ಕಿತು, ಸಿಸ್ಟೊಸ್ಕೋಪಿಯಲ್ಲಿ ಗೋಡೆ ಕನ್ನಡಿ ಹಾಗೆ ಇದೆ. ಏನು ಕತ್ತರಿಸುವುದು? ಯಾವಾಗ ಮತ್ತೆ ನೋಡುವುದು? ಆ ಮನುಷ್ಯ ಹತ್ತು ವರ್ಷ ರಾತ್ರಿ ನಿದ್ದೆ ಮಾಡುವುದು ಹೇಗೆ? ನನ್ನ ಮಟ್ಟಿಗೆ, ಟೆಸ್ಟ್ ಎಷ್ಟು ಚುರುಕು ಅನ್ನುವುದಕ್ಕಿಂತ ಇದೇ ದೊಡ್ಡ ತಲೆನೋವು.

ಪ್ರಶ್ನೆ: ನನಗೆ 45. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಸಿಗರೇಟ್ ಇಲ್ಲ, ತೊಂದರೆ ಏನೂ ಇಲ್ಲ. ವರ್ಷಕ್ಕೊಮ್ಮೆ ಮಾಡಿಸುವ ಹೆಲ್ತ್ ಚೆಕಪ್ ಪ್ಯಾಕೇಜಿಗೆ ಇದನ್ನೂ ಸೇರಿಸಿಕೊಳ್ಳಲಾ? ಮೊದಲೇ ಗೊತ್ತಾದರೆ ಒಳ್ಳೆಯದಲ್ವಾ?
(ಬೆಂಗಳೂರಿನ ಓದುಗರು)

ಉತ್ತರ: ಬೇಡ. ನೀವು ಲೆಕ್ಕದವರು, ಲೆಕ್ಕದಲ್ಲೇ ಹೇಳುತ್ತೇನೆ. ಅಂದಾಜಿಗೆ, ನಿಮ್ಮ ಹಾಗಿನ 10,000 ಜನರಲ್ಲಿ 5 ಜನರಿಗೆ ಗೊತ್ತಿಲ್ಲದ ಹಾಗೆ ಈ ಕ್ಯಾನ್ಸರ್ ಇದೆ ಅನ್ನಿ. ಟೆಸ್ಟ್ ಬಹಳ ಚೆನ್ನಾಗಿದೆ ಅಂತಲೇ ಅಂದುಕೊಳ್ಳೋಣ, ರೋಗ ಇದ್ದ ನೂರರಲ್ಲಿ 90 ಹಿಡಿಯುತ್ತದೆ, ಇಲ್ಲದ ನೂರರಲ್ಲಿ 90 ಜನಕ್ಕೆ ಸರಿಯಾಗಿ ಇಲ್ಲ ಅನ್ನುತ್ತದೆ. ಆ 5ರಲ್ಲಿ ನಾಲ್ಕೈದು ಜನ ಸಿಕ್ಕಿದರು. ಜೊತೆಗೆ ಏನೂ ಇಲ್ಲದ ಸುಮಾರು ಸಾವಿರ ಜನ ಪಾಸಿಟಿವ್! ಅವರೆಲ್ಲ ಸಿಸ್ಟೊಸ್ಕೋಪಿ, ಸಿಟಿ ಸ್ಕ್ಯಾನ್, ದೇವಸ್ಥಾನ ಅಂತ ಅಲೆಯಬೇಕು. ನಿಮಗೆ ಪಾಸಿಟಿವ್ ಬಂದರೂ ಕ್ಯಾನ್ಸರ್ ಇರುವ ಸಾಧ್ಯತೆ ಇನ್ನೂರಕ್ಕೆ ಒಂದು. ಅದೇ ಟೆಸ್ಟ್ ಮೊದಲ ಪ್ರಶ್ನೆಯ ಅಪ್ಪನಿಗೆ ಪಾಸಿಟಿವ್ ಬಂದರೆ ಕತೆ ಪೂರ್ತಿ ಬೇರೆ. ಯಾರ ಮೂತ್ರ ಅನ್ನುವುದರ ಮೇಲೆ ಕಾಗದದ ಅರ್ಥವೇ ಬದಲಾಗುತ್ತದೆ.

ಅಮೆರಿಕ ಸರ್ಕಾರ ನೇಮಿಸಿದ ತಜ್ಞರ ಸಮಿತಿ 2011ರಲ್ಲಿ ಇದನ್ನೆಲ್ಲ ತೂಗಿ ನೋಡಿ, ಲಕ್ಷಣ ಇಲ್ಲದವರನ್ನು ಹೀಗೆ ಜಾಲಾಡುವುದರಿಂದ ಲಾಭ ಇದೆ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂದಿತು. ಪ್ಯಾಕೇಜಿನಲ್ಲಿ ಸಾದಾ ಯೂರಿನ್ ರುಟೀನ್ ಹೇಗೂ ಇರುತ್ತದೆ. ರಿಪೋರ್ಟಿನಲ್ಲಿ ಆರ್‌ಬಿಸಿ, ಅಂದರೆ ಕೆಂಪು ರಕ್ತಕಣ ಅನ್ನುವ ಸಾಲು ನೋಡಿ, ಜಾಸ್ತಿ ಇದ್ದರೆ ಬಿಡಬೇಡಿ. ಜನ ಸಾವಿರಗಟ್ಟಲೆ ಕೊಟ್ಟು ಪ್ಯಾಕೇಜ್ ಮಾಡಿಸುತ್ತಾರೆ, ಆ ಸಾಲು ಮಾತ್ರ ಓದುವುದಿಲ್ಲ.

ಪ್ರಶ್ನೆ: ನನಗೆ 52 ವರ್ಷ, ಮುಟ್ಟು ನಿಂತು ಮೂರು ವರ್ಷ. ಏಳು ತಿಂಗಳಲ್ಲಿ ನಾಲ್ಕು ಸಲ ಮೂತ್ರದಲ್ಲಿ ರಕ್ತ. ಪ್ರತಿ ಸಲ ಉರಿಮೂತ್ರ ಅಂತ ಮಾತ್ರೆ ಕೊಡುತ್ತಾರೆ. ಎರಡು ಸಲ ಕಲ್ಚರ್ ಮಾಡಿಸಿದೆ, 'ನೋ ಗ್ರೋತ್' ಅಂತ ಬಂತು. ಈ ಹೊಸ ಟೆಸ್ಟ್ ಮಾಡಿಸಬಹುದಾ?
(ಶಿರಸಿಯ ಓದುಗರು)

ಉತ್ತರ: ಕಲ್ಚರಿನಲ್ಲಿ ರೋಗಾಣು ಏನೂ ಬೆಳೆಯಲಿಲ್ಲ ಅಂದರೆ ಸೋಂಕು ಅನ್ನುವ ಕಾರಣಕ್ಕೆ ಆಧಾರವೇ ಹೋಯಿತಲ್ಲ. ಮತ್ತೆ ನಾಲ್ಕನೇ ಮಾತ್ರೆ ಯಾಕೆ? ನನಗೆ ಸಿಟ್ಟು ಬರುವುದು ಇಲ್ಲೇ. ಈ ಕ್ಯಾನ್ಸರ್ ಗಂಡಸರಲ್ಲಿ ಮೂರು ನಾಲ್ಕು ಪಟ್ಟು ಜಾಸ್ತಿ, ನಿಜ. ಅದರಿಂದಾಗಿ ಹೆಂಗಸಿಗೆ ರಕ್ತ ಕಂಡರೆ ಸೋಂಕು, ಇಲ್ಲಾ ಮುಟ್ಟಿನದು ಅಂತ ತಳ್ಳಿಹಾಕುತ್ತಾರೆ, ಅವರಲ್ಲಿ ರೋಗ ತಡವಾಗಿ ಗೊತ್ತಾಗುವುದಕ್ಕೆ ಇದೂ ಒಂದು ಕಾರಣ. ಹೊಸ ಟೆಸ್ಟ್ ಹುಡುಕಿಕೊಂಡು ಇನ್ನೊಂದು ತಿಂಗಳು ಕಳೆಯಬೇಡಿ. ಈ ವಾರವೇ ಯುರಾಲಜಿಸ್ಟ್ ಹತ್ತಿರ ಹೋಗಿ, ಎರಡೂ ಕಲ್ಚರ್ ರಿಪೋರ್ಟ್ ತೆಗೆದುಕೊಂಡು ಹೋಗಿ, 'ಸಿಸ್ಟೊಸ್ಕೋಪಿ ಬೇಕಾ' ಅಂತ ನೀವೇ ಬಾಯಿಬಿಟ್ಟು ಕೇಳಿ. ರಕ್ತ ಮೂತ್ರದ್ದಾ ಗರ್ಭಕೋಶದ್ದಾ ಅನ್ನುವುದೂ ಖಚಿತ ಆಗಬೇಕು, ಯಾಕೆಂದರೆ ಮುಟ್ಟು ನಿಂತ ಮೇಲೆ ಅಲ್ಲಿಂದ ರಕ್ತ ಬಂದರೂ ನೋಡಿಸಲೇಬೇಕು. ಕ್ಯಾನ್ಸರೇ ಅಂತ ನಾನು ಹೇಳುತ್ತಿಲ್ಲ. ಕಲ್ಲೂ ಇರಬಹುದು.

ಪ್ರಶ್ನೆ: ಆಕ್ಲೆಂಡ್‌ನಲ್ಲಿದ್ದೇನೆ, 57 ವರ್ಷ. ಮೂತ್ರ ನೋಡಲು ಸರಿಯಿದೆ, ಲ್ಯಾಬಿನಲ್ಲಿ ಮಾತ್ರ ಸ್ವಲ್ಪ ರಕ್ತಕಣ ಅಂತ ಬಂತು. ಇಲ್ಲಿನ ಡಾಕ್ಟರ್ ಸಿಎಕ್ಸ್‌ಬ್ಲಾಡರ್ ಅನ್ನುವ ಮೂತ್ರದ ಟೆಸ್ಟ್ ಮಾಡಿಸಿದರು, ಸ್ಕ್ಯಾನ್ ಮಾಡಿಸಿದರು. ಎರಡೂ ಸರಿಯಿದೆ, ಸಿಸ್ಟೊಸ್ಕೋಪಿ ಬೇಡ ಅಂದರು. ಸರ್ಕಾರಿ ಆಸ್ಪತ್ರೆಯವರು ದುಡ್ಡು ಉಳಿಸುತ್ತಿದ್ದಾರಾ?
(ನ್ಯೂಜಿಲೆಂಡ್ ಕನ್ನಡಿಗರು)

ಉತ್ತರ: ದುಡ್ಡೂ ಉಳಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ನಿಮಗೆ ಅನ್ಯಾಯ ಆಗಿಲ್ಲ.

ಆ ಟೆಸ್ಟ್ ನೀವಿರುವ ದೇಶದ್ದೇ, ದಕ್ಷಿಣ ದ್ವೀಪದ ಡನೀಡನ್ ಊರಿನಲ್ಲಿ ಹುಟ್ಟಿದ್ದು. ಮೂತ್ರದಲ್ಲಿ ಐದು ಜೀನ್‌ಗಳ ಆರ್‌ಎನ್‌ಎ ಅಳೆಯುತ್ತದೆ. ನಾಲ್ಕು ಗಡ್ಡೆ ಇದ್ದರೆ ಏರುವಂಥವು. ಐದನೆಯದು ಸಿಎಕ್ಸ್‌ಸಿಆರ್2, ಊತ, ಸೋಂಕು ಇದ್ದಾಗ ಏರುವುದು. ನನಗೆ ಇಷ್ಟವಾದದ್ದು ಈ ಐದನೆಯದೇ. ಮೇಲೆ ಹೇಳಿದ ಪ್ರೊಟೀನ್ ಟೆಸ್ಟ್ ಸೋಂಕಿಗೂ ಗಡ್ಡೆಗೂ ವ್ಯತ್ಯಾಸ ತಿಳಿಯದೆ ಕೂಗುತ್ತಿತ್ತಲ್ಲ, ಇದು ಆ ಗಲಾಟೆಯನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕುತ್ತದೆ. ಇದರ ಒಂದು ಮಾದರಿಯಲ್ಲಿ ವಯಸ್ಸು, ಗಂಡೋ ಹೆಣ್ಣೋ, ಸಿಗರೇಟ್ ಇತ್ತಾ ಅನ್ನುವುದನ್ನೂ ಸೇರಿಸುತ್ತಾರೆ. 'ಇದೆ' ಅನ್ನುವುದಕ್ಕಿಂತ 'ಇಲ್ಲ' ಅನ್ನುವುದನ್ನು ನಂಬುವ ಹಾಗೆ ಹೇಳಲಿಕ್ಕೆಂದೇ ಆ ಮಾದರಿ ಮಾಡಿದ್ದು. ಕಣ್ಣಿಗೆ ಕಾಣದಷ್ಟು ರಕ್ತ ಇರುವವರಲ್ಲಿ ಕ್ಯಾನ್ಸರ್ ಸಿಗುವುದು ನೂರಕ್ಕೆ ಎರಡು ಮೂರು ಜನರಲ್ಲಿ. ಎಲ್ಲರಿಗೂ ಕೊಳವೆ ಹಾಕಿದರೆ ತೊಂಬತ್ತೇಳು ಜನಕ್ಕೆ ಸುಮ್ನೆ ಹಿಂಸೆ. ಈ ಮೂತ್ರದ ಟೆಸ್ಟ್‌ಗಳಿಗೆ ಸರಿಯಾದ ಜಾಗ ಅಂತ ಇದ್ದರೆ ಇದೇ. ಅಮೆರಿಕದ ಯುರಾಲಜಿ ಸಂಘ ಕೂಡ 2025ರಲ್ಲಿ ತನ್ನ ಸಲಹೆ ಬದಲಿಸಿ, ಮಧ್ಯಮ ಅಪಾಯದವರು ಸಿಸ್ಟೊಸ್ಕೋಪಿ ಬೇಡ ಅಂದರೆ ಸೈಟಾಲಜಿ ಅಥವಾ ಇಂಥ ಟೆಸ್ಟ್ ನೋಡಿಕೊಂಡು ನಿರ್ಧರಿಸಬಹುದು, ಸ್ಕ್ಯಾನ್ ಮಾತ್ರ ಬಿಡಬೇಡಿ ಅಂದಿದೆ. ನಿಮ್ಮ ಡಾಕ್ಟರ್ ಮಾಡಿದ್ದೂ ಅದೇ.

ಮತ್ತೆ ಮೂತ್ರ ಪರೀಕ್ಷೆ ಯಾವಾಗ ಅಂತ ಕೇಳಿಟ್ಟುಕೊಳ್ಳಿ. ನಾಳೆ ಮೂತ್ರ ಕಣ್ಣಿಗೇ ಕೆಂಪಗೆ ಕಂಡರೆ ಈ ನೆಗೆಟಿವ್ ರಿಪೋರ್ಟನ್ನು ಹರಿದು ಹಾಕಿ ನೇರ ಹೋಗಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಮೂತ್ರಕೋಶದ ಗಡ್ಡೆ ತೆಗೆದರು, ಹೈ ಗ್ರೇಡ್ ಅಂದರು. ಬಿಸಿಜಿ ಔಷಧ ಒಳಗೆ ಹಾಕಿದರು. ಮೂರು ಮೂರು ತಿಂಗಳಿಗೆ ಸಿಸ್ಟೊಸ್ಕೋಪಿ ಮಾಡಿಸಿ ಮಾಡಿಸಿ ಸಾಕಾಗಿ ಹೋಗಿದೆ ಮೇಡಂ. ಇನ್ನು ಮುಂದೆ ಮೂತ್ರದ ಟೆಸ್ಟ್ ಮಾತ್ರ ಸಾಕಾಗೋದಿಲ್ಲೇನು? ಮತ್ತೆ ಬಿಸಿಜಿ ಅಂದರೆ ಟಿಬಿ ಲಸಿಕೆ ಅಲ್ಲೇನು?
(ಹುಬ್ಬಳ್ಳಿಯ ಓದುಗರು)

ಉತ್ತರ: ಹೌದು, ಕೂಸು ಹುಟ್ಟಿದಾಗ ತೋಳಿಗೆ ಹಾಕುವ ಅದೇ ಬಿಸಿಜಿ. ಕೆನಡಾದ ಮೊರಾಲೆಸ್ ಅನ್ನುವ ಡಾಕ್ಟರ್ 1976ರಲ್ಲಿ ಅದನ್ನು ಮೂತ್ರಕೋಶದ ಒಳಗೆ ಹಾಕಿ ಗಡ್ಡೆ ಮರುಕಳಿಸುವುದು ಕಡಿಮೆಯಾದದ್ದನ್ನು ವರದಿ ಮಾಡಿದರು. ಬದುಕಿರುವ ದುರ್ಬಲ ರೋಗಾಣು ಕಂಡು ದೇಹದ ಕಾವಲುಪಡೆ ಅಲ್ಲಿಗೆ ನುಗ್ಗುತ್ತದೆ, ಜೊತೆಗೆ ಕ್ಯಾನ್ಸರ್ ಕೋಶಕ್ಕೂ ಏಟು ಬೀಳುತ್ತದೆ. ಸುಮಾರು 50 ವರ್ಷ ಆದರೂ ಇದು ಇನ್ನೂ ಮುಖ್ಯ ಔಷಧ.

ನಿಮ್ಮ ಬೇಸರ ಅರ್ಥವಾಗುತ್ತದೆ. ಈ ರೋಗ ಗದ್ದೆಯ ಗರಿಕೆ ಇದ್ದ ಹಾಗೆ. ಕಂಡುಹಿಡಿದಾಗ ನಾಲ್ಕರಲ್ಲಿ ಮೂರು ಜನರಿಗೆ ಅದು ಒಳಪದರದಲ್ಲೇ ಇರುತ್ತದೆ, ಸ್ನಾಯುವಿಗೆ ಇಳಿದಿರುವುದಿಲ್ಲ, ಹೆರೆದು ತೆಗೆದರೆ ಆಯಿತು. ಆದರೆ ಅವರಲ್ಲಿ ಅರ್ಧಕ್ಕೂ ಜಾಸ್ತಿ ಜನರಿಗೆ ಮತ್ತೆ ಚಿಗುರುತ್ತದೆ. ಅದಕ್ಕೇ ಈ ಕಾವಲು. ಲೋ ಗ್ರೇಡ್‌ನವರಾಗಿದ್ದರೆ ನಡುವಿನ ಅಂತರ ಜಾಸ್ತಿ ಮಾಡಿ, ಮಧ್ಯೆ ಮೂತ್ರದ ಟೆಸ್ಟ್ ಇಟ್ಟುಕೊಳ್ಳುವ ಮಾತು ಆಡಬಹುದಿತ್ತು. ನಿಮ್ಮದು ಹೈ ಗ್ರೇಡ್. ಇಲ್ಲಿ ಬಿಟ್ಟುಹೋದ ಒಂದು ಗಡ್ಡೆಯ ಬೆಲೆ ಇಡೀ ಮೂತ್ರಕೋಶ ಆಗಬಹುದು, ಅದಕ್ಕೇ ಸಿಸ್ಟೊಸ್ಕೋಪಿ ಬಿಡಲು ನಾನು ಹೇಳುವುದಿಲ್ಲ. ಎರಡು ವರ್ಷ ಸ್ವಚ್ಛವಾಗಿ ಕಳೆದಿದ್ದರೆ ಮೂರು ತಿಂಗಳನ್ನು ಆರು ಮಾಡುವ ಹೊತ್ತು ಸಾಮಾನ್ಯವಾಗಿ ಈಗಲೇ ಬರುತ್ತದೆ, ಡಾಕ್ಟರನ್ನು ಕೇಳಿ.

ಮೂತ್ರದ ಟೆಸ್ಟ್ ನಿಮಗೆ ಉಪಯೋಗಕ್ಕೆ ಬರುವುದು ಜೊತೆಗಾರನಾಗಿ. ಸೈಟಾಲಜಿ ಹೇಗೂ ಮಾಡುತ್ತಿರುತ್ತಾರೆ. ಒಳಗೆ ನೋಡಿದರೆ ಏನೂ ಇಲ್ಲ, ಮೂತ್ರದಲ್ಲಿ ಮಾತ್ರ ಕೆಟ್ಟ ಕೋಶ ಅಂತ ಬಂದರೆ ಚಪ್ಪಟೆ ಜಾತಿಯದು ಅಡಗಿದೆಯಾ, ಮೇಲೆ ಕಿಡ್ನಿ ಕಡೆಯಿಂದ ಬರುತ್ತಿದೆಯಾ ಅಂತ ಹುಡುಕಬೇಕಾಗುತ್ತದೆ. ಬಿಸಿಜಿ ಹಾಕಿಸಿಕೊಂಡ ಹೊಸದರಲ್ಲಿ ಒಳಗೆಲ್ಲ ಊತ ಇರುತ್ತದೆ, ಆಗ ಮೂತ್ರದ ಕೆಲವು ಟೆಸ್ಟ್‌ಗಳು ಸುಳ್ಳು ಪಾಸಿಟಿವ್ ಹೇಳುತ್ತವೆ. ಲ್ಯಾಬಿನ ಫಾರಂನಲ್ಲಿ ಬಿಸಿಜಿ ಆದ ತಾರೀಖು ಬರೆಯಿರಿ. ಯಾರೂ ಬರೆಯುವುದಿಲ್ಲ, ನಾವು ಸ್ಲೈಡ್ ನೋಡಿ ತಲೆ ಕೆರೆದುಕೊಳ್ಳುತ್ತೇವೆ.

ಪ್ರಶ್ನೆ: ಹದಿನೆಂಟು ವರ್ಷ ನೂಲಿಗೆ ಬಣ್ಣ ಹಾಕುವ ಕೆಲಸ ಮಾಡಿದ್ದೇನೆ. ಬಣ್ಣದ ಕೆಲಸದವರಿಗೆ ಈ ಕ್ಯಾನ್ಸರ್ ಬರುತ್ತದೆ ಅಂತ ಕೇಳಿದೆ. ಖರೆ ಏನ್ರಿ?
(ರಬಕವಿ-ಬನಹಟ್ಟಿಯ ಓದುಗರು)

ಉತ್ತರ: ಇದರಲ್ಲಿ ನಿಜ ಇದೆ. 1895ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಲುಡ್ವಿಗ್ ರೇನ್ ಅನ್ನುವ ಸರ್ಜನ್ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ಗಡ್ಡೆ ನೋಡಿ ಮೊದಲು ಬರೆದರು. ಕೆಲಸದಿಂದ ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆಗಳಲ್ಲಿ ಇದೊಂದು. ಆಮೇಲೆ ಗೊತ್ತಾದ ಪ್ರಕಾರ ಬೆಂಜಿಡೀನ್, ನ್ಯಾಫ್ತೈಲಮೀನ್ ಅನ್ನುವ ರಾಸಾಯನಿಕಗಳು ಅದಕ್ಕೆ ಕಾರಣ. ಅವು ಮೈಗೆ ಸೇರಿ, ಕಿಡ್ನಿಯಲ್ಲಿ ಸೋಸಿ, ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತವೆ. ಬೆಂಜಿಡೀನ್‌ನಿಂದ ಮಾಡಿದ ಬಣ್ಣಗಳನ್ನು ಭಾರತದಲ್ಲಿ 1990ರ ದಶಕದಲ್ಲೇ ನಿಷೇಧಿಸಿದರು. ಆದರೆ ಈ ರೋಗ ತಲೆ ಎತ್ತಲು ಇಪ್ಪತ್ತು ವರ್ಷ, ಅದಕ್ಕಿಂತ ಜಾಸ್ತಿಯೂ ಬೇಕು. ಹಾಗಾಗಿ ಡಾಕ್ಟರ್ ಹತ್ತಿರ ಹೋದಾಗಲೆಲ್ಲ ಹಳೆಯ ಕೆಲಸದ ಬಗ್ಗೆ ಹೇಳಿ, ಅವರಾಗಿ ಕೇಳುವುದಿಲ್ಲ.

ಬೀಡಿ ಸೇದುತ್ತೀರಾ? ನೀವು ಬರೆದಿಲ್ಲ. ಹೊಗೆಯಲ್ಲೂ ಇದೇ ಮನೆತನದ ರಾಸಾಯನಿಕಗಳು ಇವೆ, ಈ ಕ್ಯಾನ್ಸರಿನ ಹೆಚ್ಚುಕಡಿಮೆ ಅರ್ಧಕ್ಕೆ ತಂಬಾಕಿನ ಹೊಗೆಯೇ ಕಾರಣ ಅಂತ ಲೆಕ್ಕ. ಎರಡೂ ಸೇರಿದರೆ ಅಪಾಯ ಇನ್ನೂ ಜಾಸ್ತಿ. ವರ್ಷಕ್ಕೊಮ್ಮೆ ಸಾದಾ ಮೂತ್ರ ಪರೀಕ್ಷೆ ಮಾಡಿಸಿ, ರಕ್ತಕಣ ಕಂಡರೆ ಯುರಾಲಜಿಸ್ಟ್. ಖಾಸಗಿಯ ಖರ್ಚು ಆಗದಿದ್ದರೆ ಬೆಂಗಳೂರಿನ ಕಿದ್ವಾಯಿ, ನೆಫ್ರೋ ಯುರಾಲಜಿ ಸಂಸ್ಥೆ ಎರಡೂ ಸರ್ಕಾರದವೇ.

ಪ್ರಶ್ನೆ: ಸೈಟಾಲಜಿಗೆ ಅಂತ ಬೆಳಗ್ಗೆ ಎದ್ದ ತಕ್ಷಣದ ಮೂತ್ರ ಹಿಡಿದು, ಬಸ್ಸಿನಲ್ಲಿ ಎರಡು ಗಂಟೆ ಹೊತ್ತುಕೊಂಡು ಹೋದೆ. ಲ್ಯಾಬಿನವರು ಇದು ಬೇಡ ಅಂತ ವಾಪಸ್ ಕಳಿಸಿದರು. ಮೊದಲ ಮೂತ್ರವೇ ಒಳ್ಳೆಯದು ಅಂತಾರಲ್ಲ?
(ಮಂಡ್ಯದ ಓದುಗರು)

ಉತ್ತರ: ಅದು ಗರ್ಭಿಣಿ ಟೆಸ್ಟಿಗೆ. ಸೈಟಾಲಜಿಗೆ ಉಲ್ಟಾ. ರಾತ್ರಿಯಿಡೀ ಮೂತ್ರದಲ್ಲಿ ನೆನೆದ ಕೋಶ ಉಬ್ಬಿ ಕೆಟ್ಟು ಹೋಗಿರುತ್ತದೆ, ನನಗೆ ಅದರಲ್ಲಿ ಏನೂ ಕಾಣುವುದಿಲ್ಲ. ಮೊದಲನೆಯದನ್ನು ಬಿಟ್ಟು, ನೀರು ಕುಡಿದು, ಸ್ವಲ್ಪ ಓಡಾಡಿ, ಎರಡನೇ ಸಲದ್ದನ್ನು ಲ್ಯಾಬಿನಲ್ಲೇ ಹಿಡಿದು ಕೊಡಿ. ಜೀನ್ ಟೆಸ್ಟ್ ಆದರೆ ಅವರೇ ಕೊಡುವ, ಔಷಧ ಹಾಕಿದ ಡಬ್ಬಿಯಲ್ಲೇ ಹಾಕಬೇಕು, ಮನೆಯ ಹಾರ್ಲಿಕ್ಸ್ ಬಾಟಲಿ ನಡೆಯುವುದಿಲ್ಲ. ಮತ್ತೆ ನೀವು ಪತ್ರದ ಕೊನೆಯಲ್ಲಿ ಕೇಳಿದ್ದೀರಲ್ಲ, ಹಿಂದಿನ ದಿನ ಬೀಟ್‌ರೂಟ್ ಪಲ್ಯ ತಿಂದಿದ್ದೆ ಅಂತ. ಹೌದು, ಅದರಿಂದಲೂ ಕೆಲವರಿಗೆ ಕೆಂಪಗೆ ಹೋಗುತ್ತದೆ, ಟಿಬಿಯ ರಿಫಾಂಪಿಸಿನ್ ಮಾತ್ರೆಗೂ ಕಿತ್ತಳೆ ಬಣ್ಣ ಬರುತ್ತದೆ. ಪಲ್ಯದ್ದಾ ರಕ್ತದ್ದಾ ಅಂತ ಹೇಳಲು ಸಾದಾ ಮೂತ್ರ ಪರೀಕ್ಷೆ ಸಾಕು. ನಿಮ್ಮ ಡಾಕ್ಟರ್ ಸೈಟಾಲಜಿ ಬರೆದಿದ್ದಾರೆ ಅಂದರೆ ಅವರಿಗೆ ರಕ್ತ ಕಂಡಿರಬೇಕು, ಮಾಡಿಸಿಬಿಡಿ.